ಬಚ್ಚಲ ಒಲಿಯ ಬೂದಿ

ದೀಪಿಕಾನ ಅಪ್ಪಾರ,

ರೊಟ್ಟಿ ಬುಟ್ಟ್ಯಾಗ ಅದಾವ, ಪುಂಡಿಪಲ್ಲೆ ಗಡಿಗ್ಯಾಗ ಐತಿ. ಉಂಡ ಮ್ಯಾಲೆ ವಿಟಮಿನ್ ಗುಳಿಗಿ ತಗೋರಿ. ಹುಳಿ ಅದಾವ ಅಂತ ಚಾದಂಗಡ್ಯಾಗ ಪೆಪ್ಪರ್‌ಮಿಂಟ್‌ನಂಗ ಹಂಚಬ್ಯಾಡ್ರಿ.

ನಿಮ್ಮ ರಕ್ತದಾಗ ಸೀಸ ಸೇರೇತಿ, ಬ್ಯಾಟರಿ ಒಡಿಯೋ ಶೆಡ್ಡಿಗೆ ಹೋಗಬ್ಯಾಡ್ರಿ ಅಂದ್ರು ಡಾಕ್ಟರು. ನೀವು ಶೆಡ್ಡು ಬಿಟ್ಟು ಬ್ಯಾಟರಿನೇ ಮನಿಗೆ ತಂದ್ರಿ! ಬಚ್ಚಲ ಒಲಿ ಮ್ಯಾಲೆ ಬಾಣಲಿ ಇಟ್ಟು ಸೀಸ ಕರಗಸಾಕ ಹತ್ತೀರಿ. ಕೇಳಿದ್ರ, "ಗುಳಿಗಿ ನುಂಗತೀನಲ್ಲ, ಏನೂ ಆಗಂಗಿಲ್ಲ" ಅಂತೀರಿ. ಗುಳಿಗಿ ಮೈಗೆ ಒಂಚೂರು ಆಸರ ಅಷ್ಟ, ಸೀಸದಿಂದ ದೂರ ಇರೋದೇ ಖರೇ ಔಷಧ ಅಂತ ಅವರು ಎರಡು ಸಲ ಹೇಳಿದ್ರು. ನೀವು ಗುಳಿಗಿ ಅನ್ನೋದಷ್ಟ ಕೇಳಿಸ್ಕೊಂಡ್ರಿ.

ನಾ ಬರೂದ್ರಾಗ ಬಾಣಲಿ, ಬ್ಯಾಟರಿ ಎಲ್ಲಾ ಮನಿ ಬಿಟ್ಟು ಹೋಗಿರಬೇಕು. ಸೀಸದ ಕೆಲಸದ ಆ ಅಂಗಿ ಹಾಕ್ಕೊಂಡು ಒಳಗ ಬರಬ್ಯಾಡ್ರಿ. ಒಲಿ ಬೂದಿ ಕೆದರಬ್ಯಾಡ್ರಿ. ಮುಂಜಾನಿ ನೋಡಿದೆ, ಅದರಾಗ ತುಂಬಾ ಸೀಸದ ಹನಿ ಬಿದ್ದಾವ.

ದೀಪಿಕಾನ್ನ ಕರ್ಕೊಂಡು ಕೊಪ್ಪಳ ದವಾಖಾನಿಗೆ ಹೊಂಟೀನಿ, ಅಕಿ ರಕ್ತ ತೋರಸಾಕ. ನಿನ್ನೆಯಿಂದ ಅಕಿನೂ ನಿಮ್ಮಂಗ ಹೊಟ್ಟಿ ಹಿಡ್ಕೊಂಡು ಕುಂತಾಳ.

ಅಕಿ ಉಣ್ಣೋ ಗಂಗಾಳ ನಾ ದಿನಾ ಆ ಬೂದಿಲೇ ತಿಕ್ಕೀನ್ರಿ.