ನಾಲ್ಕನೇ ತೊಟ್ಟಿಯ ಮೊಟ್ಟೆಗಳು

ಮಾರ್ಚ್ ೧೪, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಫೋನಿನಲ್ಲೇ ಹೇಳೋಣವೆಂದು ಮೂರು ಸಲ ಪ್ರಯತ್ನಪಟ್ಟೆ. ಊಟ ಆಯ್ತೇನೇ ಅಂತ ನೀನು ಕೇಳಿದ ಕೂಡಲೇ ಅಡುಗೆಯ ಮಾತಾಡಿ ಫೋನಿಟ್ಟುಬಿಡುತ್ತಿದ್ದೆ. ಅದಕ್ಕೇ ಈ ಕಾಗದ.

ಈ ಸಲ ನಿನ್ನ ಮೀನುಮರಿ ಕೇಂದ್ರದಲ್ಲಿ ಮೊಟ್ಟೆಗಳೆಲ್ಲ ಬೆಳ್ಳಗಾಗಿ ಸತ್ತವಲ್ಲ, ಅದು ನೀರಿನಿಂದಲ್ಲ. ನೀರು ಬದಲಾಯಿಸುತ್ತಿದ್ದ ನಿನ್ನ ಕೆಲಸಗಾರ ದೊಡ್ಡಯ್ಯನ ತಪ್ಪಂತೂ ಅಲ್ಲವೇ ಅಲ್ಲ.

ನಮ್ಮ ಪ್ರಯೋಗಾಲಯದಲ್ಲಿ ತಾಯಿಮೀನುಗಳ ಮೇವಿಗೆ ಪಾಚಿಪುಡಿ ಬೆರೆಸಿ ನೋಡಿದ್ದು ನಿನಗೆ ಗೊತ್ತು. ಮೂರು ತೊಟ್ಟಿಗಳಲ್ಲಿ ಮೊಟ್ಟೆಯೂ ಹೆಚ್ಚು, ಮರಿಯೂ ಹೆಚ್ಚು. ನಾಲ್ಕನೆಯದಕ್ಕೆ ಪುಡಿ ಎರಡರಷ್ಟು ಹಾಕಿದ್ದೆ. ಅಲ್ಲಿ ಮೊಟ್ಟೆ ರಾಶಿ ರಾಶಿ, ಆದರೆ ನೂರಕ್ಕೆ ಹತ್ತೂ ಮರಿಯಾಗಲಿಲ್ಲ. ಇನ್ನೊಮ್ಮೆ ಮಾಡಿ ನೋಡಲು ಒಂದು ವರ್ಷ ಕಾಯಬೇಕಿತ್ತು. ವರದಿ ಕೊಡುವ ದಿನ ತಲೆಮೇಲೆ ಕೂತಿತ್ತು. ಗಾಳಿಯ ಪಂಪ್ ಕೆಟ್ಟಿತ್ತು ಎಂದು ಬರೆದು ಆ ತೊಟ್ಟಿಯನ್ನೇ ಕೈಬಿಟ್ಟೆ. ಪಂಪ್ ಒಂದು ಗಳಿಗೆಯೂ ನಿಂತಿರಲಿಲ್ಲ.

ಆ ವರದಿಯನ್ನು ನಿನಗೆ ಓದಿ ಹೇಳಿ ಬೀಗಿದವಳೂ ನಾನೇ. ಇಷ್ಟು ಒಳ್ಳೆಯದಾದರೆ ಇನ್ನಷ್ಟು ಹಾಕಿದರೇನು ಅಂತ ನೀನು ಕೇಳಿದೆ. ಬೇಡ ಅಂದರೆ ಯಾಕೆ ಅನ್ನುತ್ತೀಯ, ಆಗ ನಾಲ್ಕನೇ ತೊಟ್ಟಿಯ ವಿಷಯ ಹೇಳಬೇಕಾಗುತ್ತಿತ್ತು. ನಿನ್ನ ಮೀನು, ನಿನ್ನಿಷ್ಟ ಅಂತ ನಕ್ಕುಬಿಟ್ಟೆ. ನೀನು ಎರಡರಷ್ಟು ಹಾಕಿದೆ.

ಹೋದ ತಿಂಗಳು ನಾನು ಬಂದಾಗ ನೀನು ತೊಟ್ಟಿಯಂಚಿನಲ್ಲಿ ಕೂತು, ಸಣ್ಣ ಬಲೆಯಿಂದ ಸತ್ತ ಮೊಟ್ಟೆ ತೆಗೆಯುತ್ತಿದ್ದೆ. ದೊಡ್ಡಯ್ಯ ಎದುರಿಗೆ ನಿಂತು, ಹದಿನೆಂಟು ವರ್ಷ ಆಯ್ತಮ್ಮಾ, ವಾಸನೆಯಲ್ಲೇ ನನಗೆ ಗೊತ್ತಾಗುತ್ತೆ, ನೀರು ಸರಿಯಾಗೇ ಇತ್ತು ಅಂದರು. ಓದಿದವಳು ಏನನ್ನುತ್ತಾಳೋ ಎಂದು ನೀನು ನನ್ನ ಮುಖ ನೋಡಿದೆ. ನಾನು ಕೈಗಡಿಯಾರ ನೋಡಿಕೊಂಡೆ. ನಾಳೆಯಿಂದ ಬರಬೇಡಿ ಅಂತ ನೀನು ಅವರಿಗೆ ಹೇಳಿದೆ. ಅವರು ಬೂಟು ಬಿಚ್ಚಿ, ತೊಳೆದು, ಬಾಗಿಲ ಪಕ್ಕ ಜೋಡಿಸಿಟ್ಟು ಹೋದರು.

ಇವತ್ತು ಬೆಳಿಗ್ಗೆ ಮೇಲಧಿಕಾರಿಯ ಮುಂದೆ ನಾಲ್ಕನೇ ತೊಟ್ಟಿಯ ಅಂಕಿಗಳನ್ನಿಟ್ಟೆ. ಕೆಲಸ ಉಳಿಯುವುದು ಅನುಮಾನ. ನೀನು ಪುಡಿ ನಿಲ್ಲಿಸು. ಮತ್ತೆ ಮೊದಲಿನ ಮೇವನ್ನೇ ಹಾಕಿದರೆ ತಾಯಿಮೀನುಗಳು ಚೇತರಿಸಿಕೊಳ್ಳುತ್ತವೆಯೇ? ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಈ ಸಲ ಗೊತ್ತಿಲ್ಲವೆಂದೇ ಬರೆಯುತ್ತಿದ್ದೇನೆ.

ಕ್ಷಮಿಸು ಅನ್ನಲು ಮುಖವಿಲ್ಲ. ಎಷ್ಟು ಬೇಕಾದರೂ ಬೈ, ಮಾತು ಮಾತ್ರ ಬಿಡಬೇಡ.

ನಿನ್ನ ತಂಗಿ

ತಾ.ಕ.: ನಿನ್ನೆ ದೊಡ್ಡಯ್ಯನ ಮನೆಗೆ ಹೋಗಿ ಎಲ್ಲ ಹೇಳಿದೆ. ಅವತ್ತು ತೊಟ್ಟಿಯ ಹತ್ತಿರ ನಿಮ್ಮ ಮುಖ ನೋಡಿದಾಗಲೇ ನನಗೆ ಗೊತ್ತಾಯ್ತಮ್ಮಾ ಅಂದರು. ಅಕ್ಕ ತಂಗಿ ನಡುವೆ ನಾನ್ಯಾಕೆ ಬರಲಿ ಅಂತ ಸುಮ್ಮನೆ ಹೊರಟುಬಂದರಂತೆ.