ಓಟು ಬಿದ್ದದ್ದು ಯಾರಿಗೆ?

ಇಳಕಲ್ಲ
೧೯ ಜುಲೈ ೨೦೨೫

ಪ್ರೀತಿಯ ತಂಗಿ ಶೀಲಾಳಿಗೆ,

ನಿನ್ನ ಅಕ್ಕ ದಾನೇಶ್ವರಿಯ ಶರಣು. ಇಲ್ಲಿ ನಾವೆಲ್ಲ ಆರಾಮ. ಬರೆಯಲು ತಡವಾಯಿತು, ಬೈಯಬೇಡ. ಶಾಲೆ ಶುರುವಾದಾಗಿನಿಂದ ನನಗೆ ತಲೆ ಬಾಚಿಕೊಳ್ಳಲೂ ಪುರಸತ್ತಿಲ್ಲ.

ಈ ಸಲ ಶಾಲಾ ಸಂಸತ್ತಿನ ಚುನಾವಣೆ ನನ್ನ ಕೊರಳಿಗೆ ಬಿತ್ತು. ನಮ್ಮ ಹೆಡ್‌ಮಾಸ್ತರ ಸಂಗಯ್ಯ ಸರ್, "ನಾಕು ಫೋಟೋ ತಗದು ಆಫೀಸಿಗೆ ಕಳಿಸಿಬಿಡ್ರಿ ಟೀಚರ್, ಸಾಕು" ಎಂದಿದ್ದರು. ನನಗೆ ಆ ಬುದ್ಧಿ ಬರಬೇಕಲ್ಲ! ಓಟಿಗಾಗಿ ಹೊರದೇಶಗಳ ಹೆಂಗಸರು ಬೀದಿಗಿಳಿದದ್ದು, ಜೈಲು ಕಂಡದ್ದು, ಎಲ್ಲ ಹೇಳಿದೆ. ನಮ್ಮಲ್ಲಿ ಮೊದಲ ಚುನಾವಣೆಯಲ್ಲೇ ಹೆಂಗಸರಿಗೂ ಓಟು ಇತ್ತು. ಆದರೆ ಎಷ್ಟೋ ಜನ 'ಇಂಥವನ ಹೆಂಡತಿ, ಇಂಥವನ ತಾಯಿ' ಎಂದಷ್ಟೇ ಬರೆಸಿದ್ದರಿಂದ ಲಕ್ಷಗಟ್ಟಲೆ ಹೆಂಗಸರನ್ನು ಪಟ್ಟಿಯಿಂದ ತೆಗೆಯಬೇಕಾಯಿತು ಎಂದೂ ಹೇಳಿದೆ. ಏಳನೆಯ ಇಯತ್ತೆಯ ದುರಗವ್ವ, "ಹೆಸರ ಹೇಳಾಕ ಏನಾಗಿತ್ರಿ ಅವರಿಗೆ?" ಎಂದು ಸಿಟ್ಟಾದಳು.

ಇಷ್ಟು ಕಲಿಸಿದ ಮೇಲೆ ಓಟಿನ ದಿನ ಏನಾಯಿತು ಗೊತ್ತೇ? ಬೀರಲಿಂಗ ಎಂಬ ಹುಡುಗ ತನ್ನ ತಂಗಿಯನ್ನು ಹಿಂದೆ ಸರಿಸಿ, "ಆಕಿಗೆ ತಿಳಿಯಂಗಿಲ್ರಿ, ಆಕಿದೂ ನಾನ ಒತ್ತತೇನಿ" ಅಂದ. ನಾನು ಹಣೆ ಹಣೆ ಬಡಿದುಕೊಂಡೆ. ಅವನನ್ನು ಸಾಲಿನ ಕೊನೆಗೆ ಅಟ್ಟಿದೆ. ಆ ಪುಟ್ಟಿ ತಾನೇ ಮೊಬೈಲಿನ ಓಟಿನ ಯಂತ್ರದ ಗುಂಡಿ ಒತ್ತಿ, 'ಕುಂಯ್' ಎಂದ ಸದ್ದಿಗೆ ಬೆಚ್ಚಿ, ಆಮೇಲೆ ನಕ್ಕಳು. ಶಾಲೆಯ ಪ್ರಧಾನಮಂತ್ರಿಯಾಗಿ ಗೆದ್ದದ್ದು ದುರಗವ್ವ.

ಪ್ರಮಾಣವಚನಕ್ಕೆ ನಮ್ಮ ಶಾಲೆಯಿರುವ ಊರಿನ ಪಂಚಾಯ್ತಿ ಅಧ್ಯಕ್ಷೆ ಚಂದವ್ವನನ್ನು ಕರೆದಿದ್ದೆ. ಬಂದವನು ಅವಳ ಗಂಡ ಹಣಮಪ್ಪ! ಬಿಳಿ ಅಂಗಿ, ಕೈಯಲ್ಲಿ ಎರಡು ಫೋನು. "ಆಕಿ ಹೊಲಕ್ಕ ಹೋಗ್ಯಾಳ್ರಿ. ನಾ ಬಂದ್ರ ಆಕಿ ಬಂದಂಗ ಅಲ್ಲೇನ್ರಿ?" ಎಂದ. ಸಂಗಯ್ಯ ಸರ್ ಓಡಿ ಹೋಗಿ ಕುರ್ಚಿ ಒರೆಸಿದರು.

ದುರಗವ್ವ ಎದ್ದು ನಿಂತಳು. "ಟೀಚರ್, ಇವರಿಗೆ ಓಟ ಬಿದ್ದಿಲ್ಲಲ್ರಿ."

"ಕುಂದ್ರ ಕೆಳಗ!" ಎಂದು ಸರ್ ಗದರಿದರು. ಅವಳು ಕೂಡಲಿಲ್ಲ.

ಹಣಮಪ್ಪ ನಕ್ಕ. "ಭಾಳ ಶಾಣ್ಯಾ ಆಗೀದಿಯಲ್ಲ ಬೇ!"

"ಹೂನ್ರಿ, ನಮ್ಮ ಟೀಚರ್ ಕಲಿಸ್ಯಾರ."

ಎಲ್ಲರ ಕಣ್ಣೂ ನನ್ನ ಮೇಲೆ. ಸರ್ ನನ್ನ ಕಿವಿಯಲ್ಲಿ, "ಏನ್ ಹಚ್ಚೀರಿ ಇದು? ಕಂಪೌಂಡ್ ಗೋಡಿ ಮಂಜೂರಾಗೂದೈತ್ರಿ!" ಎಂದು ಹಲ್ಲು ಕಡಿದರು. ನಾನು, "ಹೊಲ ದೂರಿಲ್ಲ ಸರ್, ಕಾಯೋಣ" ಎಂದು ಇಬ್ಬರು ಹುಡುಗಿಯರನ್ನು ಕಳಿಸಿದೆ.

ಚಂದವ್ವ ಕಳೆ ತೆಗೆಯುತ್ತಿದ್ದ ಸೀರೆಯಲ್ಲೇ ಬಂದಳು, ಮೊಣಕಾಲವರೆಗೆ ಎರೆಮಣ್ಣು. "ಇದ ಅವತಾರದಾಗ ಬಂದಿಯೇನ?" ಎಂದ ಗಂಡ. ಅವಳು ಅವನ ಕಡೆ ನೋಡಲಿಲ್ಲ. ನನ್ನನ್ನು ಕೇಳಿದಳು, "ಏನ್ ಹೇಳಬೇಕ್ರಿ ಬಾಯಾರ?" ನಾನು ಓದಿದೆ, ಅವಳು ಹೇಳಿದಳು, ದುರಗವ್ವ ಅವಳ ಹಿಂದೆ ಹೇಳಿದಳು. ಚಂದವ್ವನ ಮೊದಲ ಸಾಲು ಪಕ್ಕದಲ್ಲಿದ್ದ ನಮಗಷ್ಟೇ ಕೇಳಿಸಿತು. ಕೊನೆಯ ಸಾಲು ಗೇಟಿನ ಹೊರಗೆ ನಿಂತವರಿಗೂ ಕೇಳಿಸಿತು.

ಇನ್ನು ಎಲ್ಲ ಸರಿಹೋಯಿತು ಎಂದುಕೊಂಡೆಯಾ? ಈ ವಾರದ ಪಂಚಾಯ್ತಿ ಸಭೆಗೆ ಮತ್ತೆ ಹಣಮಪ್ಪನೇ ಹೋದನಂತೆ. ಗೋಡೆಯ ಮಾತು ಅಲ್ಲಿಗೇ ನಿಂತಿದೆ. ಸಂಗಯ್ಯ ಸರ್ ನನ್ನೊಡನೆ ಮಾತು ಬಿಟ್ಟಿದ್ದಾರೆ. ಊರ ಆಡುಗಳು ಎಂದಿನಂತೆ ಅಂಗಳದಲ್ಲಿ ಮೇಯುತ್ತಿವೆ. ಇನ್ನು ಯಾವ ಗೋಡೆಗೆ ತಲೆ ಚಚ್ಚಿಕೊಳ್ಳಲಿ, ಹೇಳು!

ಮಕ್ಕಳಿಗೆ ನನ್ನ ಮುದ್ದು. ಬನಶಂಕರಿ ತಾಯಿ ನಿನ್ನ ಹೊಟ್ಟೆ ತಣ್ಣಗಿಟ್ಟಿರಲಿ.

ನಿನ್ನ ಅಕ್ಕ,
ದಾನೇಶ್ವರಿ

ತಾ.ಕ.: ಕಾಗದ ಮಡಿಸಿಟ್ಟು ಮತ್ತೆ ಬಿಚ್ಚಿದ್ದೇನೆ. ಹೇಳಬೇಕಾದದ್ದನ್ನೇ ಹೇಳಿಲ್ಲ. ಆಗಸ್ಟ್ ಹದಿನೈದಕ್ಕೆ ಯಾರನ್ನು ಕರೆಯೋಣ ಎಂದು ಕೇಳಿದ್ದಕ್ಕೆ ಹುಡುಗರು, "ನಿಮ್ಮ ತಂಗ್ಯಾರೂ ಅವರ ಊರಾಗ ಅಧ್ಯಕ್ಷರದಾರಂತಲ್ರಿ, ಅವರನ್ನ ಕರೀರಿ" ಎಂದರು. ಹಿಗ್ಗಿನಿಂದ ನಿನ್ನ ನಂಬರಿಗೆ ಫೋನು ಹಚ್ಚಿದೆ. ಎತ್ತಿದವನು ನಿನ್ನ ಗಂಡ ನಾಗಲಿಂಗ. "ಆಕಿ ಯಾಕ್ರಿ ಅಕ್ಕಾರ, ನಾನ ಬರ್ತೇನಿ ತಗೋರಿ" ಎಂದ. ಅವಳಿಗೆ ಕೊಡಪ್ಪಾ ಎಂದೆ. "ಒಳಗ ಅದಾಳ್ರಿ" ಎಂದು ಇಟ್ಟೇಬಿಟ್ಟ. ಅಧ್ಯಕ್ಷೆಯಾದ ಎರಡು ವರ್ಷದಿಂದ ನೀನು ಆರಾಮಿದ್ದೀ, ನೀನು ಒಪ್ಪಿದ್ದೀ, ನಿನಗೆ ಪುರಸತ್ತಿಲ್ಲ ಎಂಬುದೆಲ್ಲ ನನಗೆ ಅವನ ಬಾಯಿಂದಲೇ ತಿಳಿಯುತ್ತಿದೆ. ಮನೆಯಲ್ಲಿ ಅಪ್ಪನ ಎದುರು ವಾದಕ್ಕೆ ನಿಲ್ಲುತ್ತಿದ್ದವಳು ನಾನಲ್ಲ ಶೀಲಾ, ನೀನು.

ಈ ಕಾಗದವನ್ನು ನಿಮ್ಮೂರಿಗೆ ಬರುವ ಕುಳಗೇರಿ ಕ್ರಾಸಿನ ನರ್ಸ್ ಮುಬಶೀರಾ ನಿನ್ನ ಕೈಗೇ ಕೊಡುತ್ತಾಳೆ. ನೀನು ಬಂದರೆ ಸಂತೋಷ. ಬರುವುದಿಲ್ಲ ಎನ್ನುವುದಾದರೆ, ಅದನ್ನಾದರೂ ನೀನೇ ಅನ್ನು.