ಪಟ್ಟಿಗೆ ಸೇರದ ಐದು ಮನೆಯವರು

ಕೊರಟಗೆರೆ
೨ನೇ ನವೆಂಬರ್ ೧೯೧೮

ಪ್ರೀತಿಯ ಅವ್ವನಿಗೆ ನಿನ್ನ ರೇಣುಕನ ಶರಣು.

ನಿನ್ನ ಮಂಡಿನೋವು ಹೇಗಿದೆ? ಪಾವಗಡದ ನೀರು ಹಿಡಿಸಿತೇ? ಅಕ್ಕನ ಮಕ್ಕಳಿಗೆ ಈ ಹೊಸ ಜ್ವರ ತಗುಲಿಲ್ಲವಷ್ಟೆ? ನಾನು ಚೆನ್ನಾಗಿದ್ದೇನೆ. ಹೊಟ್ಟೆಗೇನು ಮಾಡಿಕೊಳ್ಳುತ್ತಾನೋ ಎಂದು ಹೆದರಿದ್ದೆಯಲ್ಲ, ಈಗ ಮುದ್ದೆ ಗಂಟಿಲ್ಲದೆ ಬರುತ್ತಿದೆ. ಮೊದಲೆರಡು ದಿನ ಗಂಟನ್ನೇ ನುಂಗಿದೆ. ಶಾಲೆಗೆ ಬೀಗ ಬಿದ್ದು ತಿಂಗಳಾಯಿತು. ನಮ್ಮ ಬೀದಿಯಲ್ಲಿ ಜ್ವರ ಇಳಿಯುತ್ತಿದೆ.

ನೀನು ಹೋದ ಮೇಲೆ ಸಂತೆ ನಿಂತಿತು, ರಸ್ತೆ ಕೆಲಸವೂ ನಿಂತಿತು. ಅಂದಿನ ಕೂಲಿಯಲ್ಲಿ ಅಂದೇ ಒಲೆ ಹಚ್ಚುವವರಿಗೆ ದಿಕ್ಕಿಲ್ಲದಂತಾಯಿತು. ಜವಳಿ ಅಂಗಡಿಯ ನಾಗಲಿಂಗಯ್ಯನವರು ನಾಲ್ಕು ಜನರನ್ನು ಕೂಡಿಸಿ, ಅಂಥವರಿಗೆ ವಾರವಾರ ರಾಗಿ ಅಳೆದು ಕೊಡುವ ಏರ್ಪಾಡು ಮಾಡಿದರು. ಮೇಷ್ಟ್ರ ಅಕ್ಷರ ದುಂಡಗಿದೆಯೆಂದು ಪಟ್ಟಿ ಬರೆಯುವ ಕೆಲಸ ನನಗೆ ಬಂತು. ಜುಂಜಮ್ಮ ನೆನಪಿದ್ದಾಳಲ್ಲ, ರಸ್ತೆಗೆ ಜಲ್ಲಿ ಹೊರುತ್ತ, ಬಿಸಿಲೇರಿದಾಗ ನಮ್ಮ ಜಗುಲಿಗೆ ಬಂದು ನಿನ್ನ ಕೈಯಿಂದ ಮಜ್ಜಿಗೆ ಕುಡಿಯುತ್ತಿದ್ದವಳು. ಅವಳೂ ಬಂದಳು. "ಸ್ವಾಮಿ, ನಂದೂ ನಮ್ ಯಜಮಾನಂದೂ ಹೆಸ್ರು ಬರ್ಕಳಿ. ಒಲೆ ಹಚ್ಚಿ ಮೂರ್ ದಿನ ಆಯ್ತು" ಅಂದಳು. ನೀವು ಪಾವಗಡದ ಕಡೆಯವರು, ನಿಮ್ಮೂರಿಗೇ ಹೋಗಿ ಬರೆಸಬೇಕು, ಅದು ನಿಯಮ ಎಂದು ಹೇಳಿ ಕಳಿಸಿದೆ.

ಮರುದಿನವೇ ಗಂಡ ಮಾರಣ್ಣನೊಂದಿಗೆ ತಮ್ಮೂರು ರಾಯಚರ್ಲಿಗೆ ನಡೆದು ಹೊರಟಳಂತೆ. ಮಧುಗಿರಿ ಮುಟ್ಟುವಷ್ಟರಲ್ಲಿ ಅವನಿಗೆ ಜ್ವರ ಏರಿತು. ಯಾವುದೋ ಛತ್ರದ ಜಗುಲಿಯ ಮೇಲೆ ಎರಡು ದಿನ ನರಳಿ ತೀರಿಕೊಂಡ. ಗಾಡಿಯವರಿಬ್ಬರು ಕೈಹಾಕಿ ಮಣ್ಣು ಮಾಡಿದರಂತೆ. ಮೊನ್ನೆ ಅವಳು ತಿರುಗಿ ಬಂದು ನನ್ನೆದುರು ನಿಂತಳು. ಬೈಯಲಿಲ್ಲ, ಅವ್ವಾ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. "ಓದ್ದೋರು ಹೇಳಿದ್ರಲ್ಲ ಅಂತ ಹೊಂಟ್ವಿ ಸ್ವಾಮಿ. ಈಗ ನಾನೊಬ್ಳೇಯ. ಒಬ್ಳಿಗಾದ್ರೂ ಬರ್ಕಂತೀರಾ?" ಅಂದಳು. ಬರೆದೆ.

ಅಕ್ಕನಿಗೂ ಭಾವನವರಿಗೂ ನನ್ನ ಶರಣು ತಿಳಿಸು. ತಣ್ಣೀರಲ್ಲಿ ಕೈಯಾಡಿಸಬೇಡ.

ನಿನ್ನ ಮಗ
ರೇಣುಕಯ್ಯ

ಮರೆತ ಮಾತು: ಮರೆತದ್ದಲ್ಲ ಅವ್ವಾ, ಬರೆಯಲು ಧೈರ್ಯ ಬರಲಿಲ್ಲ. ಅಂಥ ನಿಯಮವೇ ಇರಲಿಲ್ಲ. ಕೂಲಿ ನಿಂತವರು ಯಾವೂರಿನವರಾದರೂ ಬರಿ ಎಂದೇ ನಾಗಲಿಂಗಯ್ಯನವರು ಹೇಳಿದ್ದರು. ಜುಂಜಮ್ಮ ಅವತ್ತು ಕೆಮ್ಮುತ್ತಿದ್ದಳು. ನನಗೂ ಅಂಟೀತೆಂದು ಹೆದರಿ, ಎದುರಿನಿಂದ ಹೋದರೆ ಸಾಕೆಂದು ಬಾಯಿಗೆ ಬಂದದ್ದು ಹೇಳಿದೆ. ಇವತ್ತು ಬೆಳಿಗ್ಗೆ ಅವಳ ಗುಡಿಸಲಿಗೆ ಹೋಗಿ ಎಲ್ಲ ಒಪ್ಪಿಕೊಂಡೆ. ಅವಳು "ಇಂಗೇ ಇನ್ಯಾರ್ಯಾರ್ನ ಕಳಿಸ್ಬುಟ್ರಿ ಸ್ವಾಮಿ?" ಅಂದಳು. ಐದು ಮನೆಯವರನ್ನು, ಅವ್ವಾ, ಎಲ್ಲರೂ ಪಾವಗಡದ ಕಡೆಯವರೇ. ಒಮ್ಮೆ ಹೇಳಿದ ಸುಳ್ಳು ಮತ್ತೆಮತ್ತೆ ಸಲೀಸಾಗಿ ಬಂತು. ನಾಗಲಿಂಗಯ್ಯನವರಿಗೆ ತಿಳಿಸಿ ಪಟ್ಟಿ ಅವರ ಕೈಗೇ ಒಪ್ಪಿಸಿದ್ದೇನೆ. ಈಗಲೇ ಗಾಡಿ ಹೂಡಿಸಿ ಮಧುಗಿರಿ ದಾರಿಯಲ್ಲಿ ಹುಡುಕಲು ಹೊರಟಿದ್ದೇನೆ. ಆ ಕಡೆಗೆ ಯಾರಾದರೂ ತಲುಪಿದ್ದರೆ ಭಾವನವರಿಂದ ಹುಡುಕಿಸಿ ಮೊದಲು ಗಂಜಿ ಹಾಕಿಸು. ಒಬ್ಬ ನರಸಪ್ಪ, ಒಬ್ಬಳು ಕೊಲ್ಲಾಪುರಮ್ಮ. ಉಳಿದವರ ಹೆಸರನ್ನು ನಾನು ಕೇಳಿರಲೂ ಇಲ್ಲ.